ನನ್ನ ಎದೆಯೊಳಗೆ ಕೂತಿರುವ ಇನ್ನೊಬ್ಬ ದರ್ಜಿಗೆ

ಹಗಲಿರುಳು ದುಡಿಯುವವರೂ, ಸಂಬಳ ಕೇಳದವರೂ, ನನ್ನ ಎದೆಯ ಎಡಭಾಗದ ಖಾಯಂ ನಿವಾಸಿಗಳೂ ಆದ ಶ್ರೀಯುತ ಹೃದಯದವರ ಸನ್ನಿಧಾನಕ್ಕೆ, ಬೇಕರಿಯ ಮೇಲಿನ ಮಹಡಿಯಲ್ಲಿ ಪ್ಯಾಂಟು ಅಂಗಿ ಹೊಲಿದು ಬದುಕುತ್ತಿರುವ ಟೈಲರ್ ಒಬ್ಬ ನಾಲ್ಕು ಜನರ ಎದುರಿನಲ್ಲೇ ಸಲ್ಲಿಸುವ ಬಿನ್ನಹ.

ಮಾನ್ಯರೇ,

ತಾವು ಕ್ಷೇಮವೆಂದು ಭಾವಿಸುತ್ತೇನೆ ಎಂದು ಬರೆಯುವುದು ಪತ್ರದ ಮರ್ಯಾದೆ. ಆದರೆ ತಾವು ಕ್ಷೇಮವಾಗಿಲ್ಲವೆಂದು ಆಸ್ಪತ್ರೆಯ ಡಾಕ್ಟರಮ್ಮ ಎದೆಗೆ ತಣ್ಣನೆಯ ಲೋಳೆ ಹಚ್ಚಿ, ಪರದೆಯ ಮೇಲೆ ತಮ್ಮನ್ನು ಕುಣಿಸಿ ತೋರಿಸಿಬಿಟ್ಟಿರುವುದರಿಂದ, ಆ ಸಾಲನ್ನು ಬಿಟ್ಟು ನೇರವಾಗಿ ದೂರಿಗೇ ಬರುತ್ತೇನೆ. ಇಷ್ಟು ವರ್ಷ ಒಂದೇ ಅಂಗಿಯೊಳಗೆ ಸಂಸಾರ ಮಾಡಿಯೂ, ತಾವು ನನಗೆ ಒಂದು ಮಾತೂ ತಿಳಿಸದೆ ಒಳಗೊಳಗೇ ದಪ್ಪಗಾಗಿದ್ದೀರಿ. ದಪ್ಪಗಾಗುವ ಹಕ್ಕು ಈ ಮೈಯಲ್ಲಿ ಹೊಟ್ಟೆಯೊಂದಕ್ಕೇ ಸೇರಿದ್ದೆಂದು ನಾನು ನಂಬಿಕೊಂಡಿದ್ದೆ.

ನಾನು ದಪ್ಪಗಾದದ್ದು ನನಗೇ ಗೊತ್ತಾಗಲಿಲ್ಲವೆಂದರೆ ಜನ ನಗುತ್ತಾರೆ, ನಗಲಿ. ಬೇರೆಯವರಿಗೆ ಮೈ ಬಂದರೆ ಮೊದಲು ಸುದ್ದಿ ಕೊಡುವುದು ಅವರ ಪ್ಯಾಂಟು. ಗುಂಡಿ ಕಾಜಾದವರೆಗೆ ತಲುಪುವುದಿಲ್ಲ, ಬಗ್ಗಿದರೆ ಹಿಂದಿನ ಹೊಲಿಗೆ ಪರ್ರೆನ್ನುತ್ತದೆ, ಹತ್ತು ಜನರೆದುರು ಮಾನ ಹೋಗುತ್ತದೆ, ಮರುದಿನವೇ ಅವರು ಬೂಟು ಕಟ್ಟಿಕೊಂಡು ವಾಕಿಂಗ್ ಹೊರಡುತ್ತಾರೆ. ಆ ಭಾಗ್ಯ ಟೈಲರಿಗೆಲ್ಲಿ? ಸೊಂಟ ಒಂದು ಚೂರು ಹಿಡಿಯಿತು ಅನ್ನಿಸಿದ ಕೂಡಲೇ, ಗಿರಾಕಿಗಳಿಲ್ಲದ ಹೊತ್ತು ನೋಡಿ, ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟ ಬಟ್ಟೆಯನ್ನು ಸ್ವಲ್ಪ ಹೊರಬಿಟ್ಟು, ಮತ್ತೆ ಹೊಲಿದು, ಇಸ್ತ್ರಿ ಎಳೆದು ಏರಿಸಿಕೊಂಡುಬಿಡುತ್ತಿದ್ದೆ. ಮಡಿಕೆಯ ಬಟ್ಟೆ ಮುಗಿದ ಮೇಲೆ ಅದೇ ಬಣ್ಣದ ತುಂಡು ಹುಡುಕಿ, ಕಾಣದ ಹಾಗೆ ಜೋಡಿಸಿದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ಬೇರೆಯವರಿಗೆ. ನಾನು ಕಾಲು ಚಾಚಿದಷ್ಟೂ ಹಾಸಿಗೆಯನ್ನು ಹೊಲಿದುಕೊಂಡವನು. "ಮಾಸ್ಟ್ರೇ, ನಿಮ್ಮ ಮೈಮೇಲೆ ಬಟ್ಟೆ ಎಷ್ಟು ಚೆನ್ನಾಗಿ ಕೂರುತ್ತೆ ನೋಡಿ" ಎಂದು ಗಿರಾಕಿಗಳು ಹೊಗಳುತ್ತಿದ್ದರೆ, ಎದುರು ನಿಂತವರ ಸೊಂಟಕ್ಕೆಲ್ಲ ಟೇಪು ಸುತ್ತಿದ ನಾನು ನನ್ನ ಸೊಂಟಕ್ಕೆ ಅದನ್ನು ಒಂದು ಸಲವೂ ಸುತ್ತಲಿಲ್ಲ.

ಹಾಗೆಂದು ಸೂಚನೆಗಳೇ ಬರಲಿಲ್ಲವೆಂದು ಹೇಳಿದರೆ ತಮಗೆ ಅನ್ಯಾಯ ಮಾಡಿದಂತಾದೀತು. ಅಂಗಡಿಯ ಮೆಟ್ಟಿಲಿನ ಅರ್ಧದಲ್ಲಿ ಏದುಸಿರು ಬಂದಾಗ, ಕಟ್ಟಿಸಿದವನಿಗೆ ಮೆಟ್ಟಿಲಿನ ಅಳತೆಯೇ ತಿಳಿಯದು ಎಂದು ಬೈದೆ. ಸಂಜೆಯ ಹೊತ್ತಿಗೆ ಪಾದ ಊದಿಕೊಂಡು ಚಪ್ಪಲಿಯೊಳಗೆ ಹೋಗದಿದ್ದಾಗ, ಈಗಿನ ಚಪ್ಪಲಿಗಳೇ ಹೀಗೆ, ಹಾಕಿದಷ್ಟೂ ಕುಗ್ಗುತ್ತವೆ ಎಂದು ತೀರ್ಮಾನಿಸಿದೆ. ಅಂಗಾತ ಮಲಗಿದರೆ ಉಸಿರು ಕಟ್ಟಿ, ದಿಂಬಿನ ಮೇಲೆ ದಿಂಬು ಪೇರಿಸುತ್ತಾ ಕೊನೆಗೆ ಗೋಡೆಗೊರಗಿ ಕೂತೇ ನಿದ್ದೆ ಮಾಡುವಂತಾದಾಗಲೂ, ದಿಂಬಿನ ಹತ್ತಿ ಕಳಪೆಯೆಂದು ಅಂಗಡಿಯವನ ಜೊತೆ ಜಗಳವಾಡಿ ಬಂದೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ನನಗೆ ಎರಡೂ ಬರುವುದಿಲ್ಲವೆಂಬುದು ಹೀಗೆ ಒಟ್ಟಿಗೇ ಸಾಬೀತಾಯಿತು.

ಡಾಕ್ಟರಮ್ಮ ಪರದೆಯತ್ತ ಬೆರಳು ತೋರಿಸಿ, "ನೋಡಿ ಮಾಸ್ಟ್ರೇ, ಹಿಂಡೋದು ಚೆನ್ನಾಗೇ ಹಿಂಡ್ತಿದೆ. ಸಡಿಲ ಆಗೋದೇ ಮರ್ತುಬಿಟ್ಟಿದೆ" ಎಂದರು. ಆಮೇಲೆ ಅವರು ಬಿಡಿಸಿ ಹೇಳಿದ್ದನ್ನು ನನ್ನ ಕಸುಬಿನ ಭಾಷೆಯಲ್ಲಿ ಹೇಳುವುದಾದರೆ, ತಾವೂ ನನ್ನ ಕೆಲಸವನ್ನೇ ಮಾಡುತ್ತಾ ಬಂದಿದ್ದೀರಿ. ಮೈ ಬೆಳೆದಂತೆಲ್ಲ ಅದಕ್ಕೆ ಹೆಚ್ಚು ರಕ್ತ ಬೇಕಾಯಿತು, ರಕ್ತದೊತ್ತಡವೂ ಏರಿತು; ತಾವು ಇಲ್ಲವೆನ್ನದೆ, ಗಿರಾಕಿಯನ್ನು ವಾಪಸ್ ಕಳಿಸದೆ, ಗೋಡೆ ದಪ್ಪ ಮಾಡಿಕೊಂಡು ಹೇಗೋ ಸಂಭಾಳಿಸಿದಿರಿ. ಹಾಗೆ ದಪ್ಪಗಾದ ಗೋಡೆ ಈಗ ಕಾಲರಿಗೆ ಹಾಕುವ ಕ್ಯಾನ್ವಾಸಿನಂತೆ ಸೆಟೆದು ನಿಂತಿದೆ. ಒಳಗೆ ಬರಬೇಕಾದ ರಕ್ತಕ್ಕೆ ಸರಾಗವಾಗಿ ಜಾಗ ಸಿಗುವುದಿಲ್ಲ, ಅದರ ಒತ್ತಡ ಹಿಂದಕ್ಕೆ ಶ್ವಾಸಕೋಶದವರೆಗೂ ಹೋಗುತ್ತದೆ, ನಾನು ಮೆಟ್ಟಿಲಿನ ಮೇಲೆ ಬಾಯಿ ಬಿಡುತ್ತೇನೆ. ಸಾಲದ್ದಕ್ಕೆ ತಮ್ಮ ಸುತ್ತ ಕೊಬ್ಬಿನ ಲೈನಿಂಗ್ ಬೇರೆ ಕೂತಿದೆ. ಅದೂ ಸುಮ್ಮನಿರುವ ಜಾತಿಯಲ್ಲವಂತೆ, ಪಕ್ಕದವರಿಗೆ ಉರಿಯೂತ ಹಬ್ಬಿಸುತ್ತದಂತೆ. ಇಷ್ಟೆಲ್ಲ ಆಲ್ಟರೇಷನ್ನನ್ನು ಒಂದು ಸದ್ದಿಲ್ಲದೆ, ಒಂದು ದಿನ ಅಂಗಡಿ ಮುಚ್ಚದೆ ಮಾಡಿ ಮುಗಿಸಿದ ತಮ್ಮ ಕೈಚಳಕಕ್ಕೆ ಈ ಬಡ ಟೈಲರ್ ತಲೆಬಾಗುತ್ತಾನೆ, ಹೊಟ್ಟೆ ಅಡ್ಡ ಬರದಷ್ಟು ಮಟ್ಟಿಗೆ.

ಇನ್ನು ಔಷಧದ ವಿಷಯ. ಉಪ್ಪುನೀರನ್ನು ಮೂತ್ರದಲ್ಲಿ ಇಳಿಸಲು ಒಂದು ಗುಳಿಗೆ, ಸಕ್ಕರೆಯನ್ನು ಅದೇ ದಾರಿಯಲ್ಲಿ ಸಾಗಹಾಕಿ ತಮ್ಮ ಭಾರ ಇಳಿಸುವ ಇನ್ನೊಂದು ಗುಳಿಗೆ. ಅವೆರಡನ್ನೂ ಶಿಸ್ತಿನಿಂದ ನುಂಗುತ್ತಿದ್ದೇನೆ, ಬಚ್ಚಲಿಗೂ ಅಷ್ಟೇ ಶಿಸ್ತಿನಿಂದ ಓಡುತ್ತಿದ್ದೇನೆ. ತಕರಾರಿರುವುದು ಮೂರನೆಯದರಲ್ಲಿ. ಅದು ಪೆನ್ನಿನ ರೂಪದ ಇಂಜೆಕ್ಷನ್, ವಾರಕ್ಕೊಮ್ಮೆ ಹೊಟ್ಟೆಯ ಚರ್ಮದಡಿಗೆ ಚುಚ್ಚಿಕೊಳ್ಳಬೇಕು. ಊಟವಾದ ಮೇಲೆ ಕರುಳು ಮಿದುಳಿಗೆ 'ಇನ್ನು ಸಾಕು' ಎಂದು ಕಳಿಸುವ ಸುದ್ದಿಯನ್ನೇ ಹೋಲುವ ಔಷಧವಂತೆ. ನನ್ನ ಕರುಳೂ ಆ ಸುದ್ದಿಯನ್ನು ಕಳಿಸುತ್ತಲೇ ಇದ್ದಿರಬೇಕು, ಕೆಳಗಿನ ಬೇಕರಿಯ ಬನ್ನಿನ ವಾಸನೆ ಅದಕ್ಕಿಂತ ಮೊದಲು ಬಂದು ಮುಟ್ಟುತ್ತಿತ್ತು. ತಮ್ಮಂತೆ ಸೆಟೆದುಕೊಂಡ ಹೃದಯವಿರುವ ದಪ್ಪ ಜನ ಇದನ್ನು ತೆಗೆದುಕೊಂಡು ತೂಕ ಇಳಿಸಿಕೊಂಡಿದ್ದಾರೆ, ಮೊದಲಿಗಿಂತ ದೂರ ನಡೆಯುತ್ತಿದ್ದಾರೆ, ಉಸಿರಾಟವೂ ಹಗುರಾಗಿದೆ ಎಂದು ಡಾಕ್ಟರಮ್ಮ ಹೇಳಿದರು. ವಾಕರಿಕೆ ಬರಬಹುದು, ಮಲಬದ್ಧತೆ ಆಗಬಹುದು, ನಿಲ್ಲಿಸಿದರೆ ಇಳಿದ ತೂಕ ಮನೆ ಹುಡುಕಿಕೊಂಡು ಬರಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. "ಮಂತ್ರ ಅಲ್ಲ ಇದು. ಆದ್ರೆ ಸುಮ್ನೆ ಕೂರೋ ಕಾಲವೂ ಅಲ್ಲ" ಎಂದರು.

ಮಾನ್ಯರೇ, ಬೆರಳಿಗೆ ಸೂಜಿ ಚುಚ್ಚಿಸಿಕೊಂಡೇ ಇಷ್ಟು ವರ್ಷ ಅನ್ನ ತಿಂದವನು ನಾನು. ಆದರೂ ಆ ಪೆನ್ನು ಫ್ರಿಜ್ಜಿನ ಬಾಗಿಲಲ್ಲಿ ಮೊಟ್ಟೆಗಳ ಪಕ್ಕ ಮುಟ್ಟದೆ ಹಾಗೇ ಕೂತಿದೆ. ಅಂಗಡಿಯಲ್ಲಿ ನನ್ನ ಪಕ್ಕದಲ್ಲೇ ಕೂತು ಕಾಜಾ ಹಾಕುವ ಹೆಂಡತಿ, "ರೀ, ಇವತ್ತಾದ್ರೂ ತಗೋತೀರಾ?" ಎಂದು ಕೇಳುತ್ತಾಳೆ. "ಬರೋ ವಾರ ಖಂಡಿತ" ಎನ್ನುತ್ತೇನೆ. ಇದು ನಮ್ಮ ಕಸುಬಿನ ಹುಟ್ಟುಗುಣ. ಬಟ್ಟೆಗೆ ಕತ್ತರಿಯೇ ಬಿದ್ದಿರುವುದಿಲ್ಲ, ಆದರೂ ಗಿರಾಕಿಗೆ 'ಎಲ್ಲ ಆಯ್ತು, ಕಾಜಾ ಒಂದೇ ಬಾಕಿ, ನಾಳೆ ಬನ್ನಿ' ಎಂದು ಹೇಳಿ ಕಳಿಸುವ ನಾಲಿಗೆ ಇದು. ಆ ಗಿರಾಕಿಗಳು ಬೈದುಕೊಂಡಾದರೂ ನಾಳೆ ಬರುತ್ತಾರೆ. ಒಮ್ಮೆ ಎದ್ದು ಹೋದರೆ ತಾವು ಹಾಗೆ ಮತ್ತೆ ಬರುವವರಲ್ಲವೆಂದು ಗೊತ್ತಿದ್ದೂ ತಮಗೂ ಅದನ್ನೇ ಹೇಳಿದೆ. ನಡುವೆ ಭಾವಮೈದ ಬಂದು, "ಇಂಜೆಕ್ಷನ್ ಯಾಕೆ ಭಾವ, ಬೆಳಗ್ಗೆ ಬಿಸಿನೀರು ಕುಡೀರಿ, ಎಲ್ಲ ಕರಗಿ ಹೋಗುತ್ತೆ" ಎಂದಾಗ, ಹತ್ತಿರದವರ ಮಾತು ಮೀರಬಾರದೆಂದು ಚೊಂಬುಗಟ್ಟಲೆ ಕುಡಿದೆ. ಕರಗಿದ್ದು ಹೆಂಡತಿಯ ತಾಳ್ಮೆ ಮಾತ್ರ.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಕೋರಿಕೆಗಳು. ಇನ್ನು ಮುಂದೆ ಗೋಡೆ ದಪ್ಪ ಮಾಡಿಕೊಳ್ಳುವ ಮುನ್ನ ದಯವಿಟ್ಟು ಮನೆಯ ಯಜಮಾನನ ಒಪ್ಪಿಗೆ ಪಡೆಯತಕ್ಕದ್ದು. ಸಾಧ್ಯವಾದರೆ ತಾವು ಒಂದೆರಡು ದಿನ ಹೊರಗೆ ಬಂದು ಕಟಿಂಗ್ ಟೇಬಲ್ಲಿನ ಮೇಲೆ ಆರಾಮವಾಗಿ ಮಲಗಿದರೆ, ಒಳಗಿನ ಲೈನಿಂಗ್ ಬಿಚ್ಚಿ, ಕ್ಯಾನ್ವಾಸ್ ತೆಗೆದು, ಮೊದಲಿನ ಅಳತೆಗೆ ನಾನೇ ಹೊಲಿದು ಕೊಡುತ್ತೇನೆ. ದುಡಿಯುವವರಿಗೆಲ್ಲ ವಾರಕ್ಕೊಂದು ರಜೆ ಸಲ್ಲಬೇಕೆಂಬುದು ನನ್ನ ಅಚಲ ನಂಬಿಕೆ. ತಮ್ಮ ವಿಷಯದಲ್ಲಿ ಮಾತ್ರ ಆ ನಂಬಿಕೆಯನ್ನು ಸದ್ಯಕ್ಕೆ ಹಿಂತೆಗೆದುಕೊಂಡಿದ್ದೇನೆ. ಕೆಲಸ ಬಿಡುವ ಯೋಚನೆ ಏನಾದರೂ ತಮಗೆ ಬಂದಿದ್ದರೆ, ಮಗಳ ಓದು ಮುಗಿಯಲಿ, ಒಪ್ಪಿಕೊಂಡ ಬಟ್ಟೆಗಳನ್ನೆಲ್ಲ ಹೊಲಿದು ಕೊಟ್ಟುಬಿಡುತ್ತೇನೆ, ಅಲ್ಲಿಯವರೆಗೆ ತಡೆಯಿರಿ. ಬಟ್ಟೆ ಒಪ್ಪಿಕೊಳ್ಳುವುದನ್ನು ನಾನು ಎಂದೂ ನಿಲ್ಲಿಸುವವನಲ್ಲ ಎಂಬುದು ತಮ್ಮ ಗಮನದಲ್ಲಿರಲಿ.

ಇಷ್ಟರ ಮೇಲೆ ತಮ್ಮ ಚಿತ್ತ, ನನ್ನ ಪುಣ್ಯ.

ತಮ್ಮ ವಿಶ್ವಾಸಿ,
ತಮ್ಮನ್ನು ಹೊತ್ತುಕೊಂಡು, ತಮಗೇ ಹೊರೆಯಾಗಿರುವ
ಮೇಲಿನ ಮಹಡಿಯ ಟೈಲರ್

ಮರೆತ ಮಾತು: ಪತ್ರ ಚೆನ್ನಾಗಿ ಬಂದಿದೆಯೆಂಬ ಜಂಬದಲ್ಲಿ ರಾತ್ರಿ ಮನೆಯಲ್ಲಿ ಹೆಂಡತಿಗೆ ಓದಿ ಹೇಳಿದೆ. ನಗುತ್ತಾಳೆಂದುಕೊಂಡಿದ್ದೆ. ಅವಳು ಕೈಯಲ್ಲಿದ್ದ ಅಂಗಿಯನ್ನು ಪಕ್ಕಕ್ಕಿಟ್ಟು, "ಹೃದಯಕ್ಕೆ ಇಷ್ಟುದ್ದ ಬರೆದ್ರಿ. ಪಕ್ಕದಲ್ಲೇ ಕೂತಿರೋ ನಂಗೆ, ಭಯ ಆಗ್ತಿದೆ ಕಣೇ ಅಂತ ಒಂದ್ ಮಾತು ಹೇಳೋಕಾಗ್ಲಿಲ್ವಾ?" ಎಂದಳು. ಭಯವಾಗುತ್ತಿದೆ ಎಂದೆ. ಅವಳು ಅತ್ತಳು, ಆಮೇಲೆ ಮೂಗೊರೆಸಿಕೊಂಡು ಎದ್ದು ಹೋಗಿ ಫ್ರಿಜ್ಜಿನಿಂದ ಆ ಇಂಜೆಕ್ಷನ್ ಪೆನ್ನು ತಂದಳು. ಈಗ ಹೊಟ್ಟೆಯ ಮೇಲಿನ ಅಂಗಿ ಎತ್ತಿಕೊಂಡು ಅವಳೆದುರು ಕೂತಿದ್ದೇನೆ. ಇಷ್ಟು ವರ್ಷ ಸದ್ದೇ ಮಾಡದವರು ತಾವು, ಈಗ ನೋಡಿದರೆ ಅವಳಿಗೂ ಕೇಳಿಸುವಷ್ಟು ಜೋರಾಗಿ ಬಡಿದುಕೊಳ್ಳುತ್ತಿದ್ದೀರಿ, ನಾಚಿಕೆಯಾಗಬೇಕು. ಆದರೆ ದಯವಿಟ್ಟು ನಿಲ್ಲಿಸಬೇಡಿ.