ಯಾದಗಿರಿ ಅಕ್ಕನ ಲಾಳಿಕಿ

ನಗಬಾರದು ಅಂತ ಎಷ್ಟು ಬಿಗಿಯಾಗಿ ಕುಂತರೂ ವ್ಯಾಪಾರ ಅನ್ನೂದು ದಿನಾ ಒಂದು ನಗಿ ತಂದು ಮುಂದ ಇಡತದ. ಅದರಾಗೂ ಫೋನಿನ್ಯಾಗ ಮಾಡೂ ವ್ಯಾಪಾರ ಆದ್ರಂತೂ ಕೇಳಬ್ಯಾಡ್ರಿ.

ನಂದು ಶಹಾಪುರದಾಗ ಝೆರಾಕ್ಸ್ ಅಂಗಡಿ. ಹೆಂಡತಿದು ಮನ್ಯಾಗ ಖಡಕ್ ರೊಟ್ಟಿ ಕೆಲಸ. ಕೆನಾಲ್ ನೀರು ಬಂದಮ್ಯಾಲ ನಮ್ಮ ಸುತ್ತಮುತ್ತ ಜ್ವಾಳದ ಹೊಲ ಎಲ್ಲಾ ಭತ್ತದ ಗದ್ದಿ ಆದ್ವು. ಮಂದಿ ಅನ್ನಕ್ಕ ಬಿದ್ರು, ರೊಟ್ಟಿ ಬಡಿಯೂ ಕೈ ಕಡಿಮಿ ಆದ್ವು. ಆದ್ರ ಬಾಯಿ ಇನ್ನೂ ರೊಟ್ಟೀನೇ ಕೇಳತದ. ಇದನ್ನ ನೋಡೇ ಆಕಿ ಒಲಿ ಹಚ್ಚಿದ್ದು. ಭತ್ತದ ನಾಟಿಗೆ ಬಗ್ಗಿ ಬಗ್ಗಿ ನಡಾ ಹಿಡದಿದ್ದ ಓಣ್ಯಾಗಿನ ಇಬ್ಬರು ಹೆಣ್ಮಕ್ಕಳು ಆಕಿ ಸಂಗಡ ಬಂದು ಕುಂತರು. ರೊಟ್ಟಿ ಆದ್ವು, ಗಿರಾಕಿ ಮಾತ್ರ ಬರವಲ್ರು.

"ದೀಪಾವಳಿತನಕ ನೋಡ್ತೀನಿ," ಅಂದಳು ಹೆಂಡತಿ. "ಫೋನಿನ್ಯಾಗ ಮಾರಿಕೊಡ್ತೀನಿ ಅಂದವರು ನೀವು. ಅಷ್ಟರಾಗ ಆರ್ಡರ್ ಬರಲಿಲ್ಲಂದ್ರ ಒಲಿ ಆರಿಸ್ತೀನಿ. ಇವರಿಬ್ಬರೂ ಮತ್ತ ಕೆಸರಾಗ ಇಳೀಬೇಕು. ಆ ಮಾತು ಅವರಿಗೆ ನೀವೇ ಹೇಳ್ರಿ, ನನ್ನ ಕಡಿಂದ ಆಗೂದಿಲ್ಲ."

ನನಗೂ ಆಗತಿದ್ದಿಲ್ಲ. ಹಿಂಗಾಗಿ ಕಲಿಯಾಕ ಹೊಂಟೆ.

ಉಳಕಿ ಮಂದಿ ಎಲ್ಲಿ ಹೋದ್ರು?

ನಮ್ಮ ಅಕ್ಕನ ಮಗ ಕಡೇಚೂರಿನ ಒಂದು ಫ್ಯಾಕ್ಟರಿ ಆಫೀಸಿನ್ಯಾಗ ಅದಾನ. ಮೊಬೈಲಿನ್ಯಾಗ ವ್ಯಾಪಾರದ ಪಾಠ ನೋಡೂ ಚಟ ಅವಂಗ. ಒಂದು ಐತವಾರ ಬಂದು ನಮಗೂ ಪಾಠ ಶುರು ಮಾಡಿದ.

"ಮಾಮಾ, ಇದಕ್ಕ ಸೇಲ್ಸ್ ಫನೆಲ್ ಅಂತಾರ. ಎಣ್ಣಿ ಸುರಿಯೂ ಲಾಳಿಕಿ ಇರತದಲ್ಲ, ಹಂಗ. ಮ್ಯಾಲ ಅಗಲ, ಕೆಳಗ ಸಣ್ಣ. ಮ್ಯಾಲಿಂದ ಸಾವಿರಾರು ಮಂದೀನ ಹಾಕಬೇಕು. ಕೆಳಗ ಒಂದ್ಹತ್ತು ಮಂದಿ ಗಿರಾಕಿ ಬೀಳ್ತಾರ."

ಹೆಂಡತಿ ರೊಟ್ಟಿ ಬಡಿಯೂದು ಬಿಟ್ಟು ಕೇಳಿದಳು, "ಉಳಕಿ ಮಂದಿ ಎಲ್ಲಿ ಹೋದ್ರು?"

"ಅವರು ನಡುವ ಬಿಟ್ಟು ಹೋಗ್ತಾರ, ಅತ್ತಿ."

"ಹಂಗಾದ್ರ ಅದು ಲಾಳಿಕಿ ಅಲ್ಲೋ ಹುಚ್ಚಪ್ಯಾ. ಲಾಳಿಕ್ಯಾಗ ಸುರಿದಿದ್ದೆಲ್ಲಾ ಡಬ್ಬಿಗೇ ಬೀಳತದ. ನಡುವ ಸೋರಿದ್ರ ಅದಕ್ಕ ತೂತು ಅಂತಾರ."

ಹುಡುಗ ತಲಿ ಕೆರಕೊಂಡ. "ಈ ಪ್ರಶ್ನೆ ಯೂಟ್ಯೂಬಿನ್ಯಾಗ ಯಾರೂ ಕೇಳಿಲ್ರಿ ಅತ್ತಿ," ಅಂದ.

ಗಿರಾಕಿ ವೇಷ

ಹುಡುಗನ ಎರಡನೇ ಪಾಠ ಏನಂದ್ರ, ಹೊಸಾದು ಹುಡುಕಬಾರದು, ನಮ್ಮಂಗೇ ಮಾರಿ ಗೆದ್ದವರನ್ನ ನೋಡಿ ಕಲೀಬೇಕು. ಹಂಗ ಗೆದ್ದಾಕಿ ಯಾದಗಿರ್ಯಾಗ ಒಬ್ಬಾಕಿ ಇದ್ದಳು. ಮಂದಿ ಎಲ್ಲಾ ಆಕಿಗೆ ಅಕ್ಕ ಅಂತಿದ್ರು. ಆಕಿ ರೊಟ್ಟಿ ಫೋನಿನ್ಯಾಗೇ ಎಲ್ಲಾ ಊರಿಗೂ ಹೋಗ್ತಾವ. ನಾ ಗಿರಾಕಿ ವೇಷ ಹಾಕಿ, ಆಕಿ ನಂಬರಿಗೆ ಒಂದು ನಮಸ್ಕಾರ ಕಳಿಸಿ, ಆಕಿ ಲಾಳಿಕ್ಯಾಗ ಇಳದೆ.

ರೊಟ್ಟಿ ತಗೋರಿ ಅಂತ ಮೆಸೇಜ್ ಬರತದ ಅಂದುಕೊಂಡಿದ್ದೆ. ಬಂದಿದ್ದು ಇಷ್ಟೇ: "ನೀವು ಸಣ್ಣವರಿದ್ದಾಗ ನಿಮ್ಮ ಮನ್ಯಾಗ ರೊಟ್ಟಿ ಯಾರು ಬಡೀತಿದ್ರು?"

ಎಂಥಾ ಮಾತ್ರಿ ಅದು! ನಮ್ಮವ್ವ ಕಣ್ಮುಂದ ಬಂದು ಕುಂತಳು. ಒಲಿ ಮುಂದಿನ ಹೊಗಿ, ಬಿಸಿ ರೊಟ್ಟಿ ಮ್ಯಾಲಿನ ಬೆಣ್ಣಿ, ಎಲ್ಲಾ ಬರದು ಕಳಿಸಿದೆ. ಬರಕೋತ ಬರಕೋತ ಕಣ್ಣಾಗ ನೀರೂ ಬಂತು. ಹುಡುಗಗ ತೋರಿಸಿದ್ರ ಬಿದ್ದು ಬಿದ್ದು ನಕ್ಕ. "ಮಾಮಾ, ಅದು ತಾನೇ ಹೋಗೂ ಮೆಸೇಜ್! ನೀವು ಅತ್ತಿದ್ದು ಮಷಿನ್ ಮುಂದ!"

ನಗಲಿ ಬಿಡ್ರಿ. ಮಷಿನ್ ಕೈಲೆ ಮನುಷ್ಯಾನ್ನ ಅಳಸೂದು ಸಣ್ಣ ಮಾತಲ್ಲ. ಮುಂದ ಒಂದು ಸಣ್ಣ ಪಾಕೀಟು ಬಂತು, ರುಚಿ ನೋಡಾಕ. ಅದರ ಬೆನ್ನ ಹಿಂದ, "ರೊಟ್ಟಿ ಮುಟ್ಟಿದ್ವೇನ್ರಿ? ಮುರದಿದ್ರ ನಾಚಬ್ಯಾಡ್ರಿ, ಹೇಳ್ರಿ." ಆಮ್ಯಾಲ, "ಶೇಂಗಾ ಹಿಂಡಿ ಇಲ್ದ ಹೆಂಗ ಉಣ್ತೀರಿ?" ಖರೇನಲ್ಲ, ಹೆಂಗ ಉಣ್ಣಬೇಕು? ಆ ಚಟ್ನಿಪುಡೀನೂ ತರಿಸಿದೆ. ಹಿಂಡಿ ಉಳೀತು, ರೊಟ್ಟಿ ತರಿಸಿದೆ. ಮನ್ಯಾಗ ಹೇಳಿದ್ದು ಮೊದಲನೇ ಪಾಕೀಟಿನ ಸುದ್ದಿ ಅಷ್ಟೇ. ಉಳದದ್ದೆಲ್ಲಾ ಅಂಗಡಿಗೇ ಬರತಿತ್ತು.

ಪಾಕೀಟು ತರೂ ಕೊರಿಯರ್ ಭಾಯಿ ನಮ್ಮ ಓಣ್ಯಾಗೇ ಇರಾಂವ. ಒಂದಿನ ತಡಕೊಳ್ಳಲಾರದ ದನಿ ಇಳಿಸಿ ಕೇಳೇಬಿಟ್ಟ: "ಸಾಬ್, ಮನ್ಯಾಗ ಮೂರು ಮಂದಿ ರೊಟ್ಟಿ ಬಡೀತಾರ. ನೀವು ಯಾದಗಿರಿದಿಂದ ತರಿಸಿ ಅಂಗಡ್ಯಾಗ ಕುಂತು ಉಣ್ತೀರಿ. ಭಾಭಿ ಭಾಳ ಸಿಟ್ಟಾಗ್ಯಾರೇನ್ರಿ?"

ಬರ್ರಿ, ಊಟ ಮಾಡೂಣು

ಕಲ್ತದ್ದು ಸಾಕು ಅಂತ ನಮ್ಮದೂ ಒಂದು ಜಾಹೀರಾತು ಮಾಡಿದ್ವಿ. ಯಾದಗಿರಿ ಅಕ್ಕ ಮನಿ ಮಾತು ಆಡಿ ಗೆದ್ದಾಳ, ನಾವೂ ಮನಿ ಮಾತೇ ಆಡೂಣು ಅಂದೆ. ರೊಟ್ಟಿ, ಎಣಗಾಯಿ, ಹಿಂಡಿ ಇಟ್ಟ ತಾಟಿನ ಫೋಟೋ ಹಾಕಿ ಮ್ಯಾಲ ದೊಡ್ಡದಾಗಿ ಬರದೆ: "ಬರ್ರಿ, ಊಟ ಮಾಡೂಣು!"

ಸಂಜಿಗೆ ಹುಡುಗ ಕಡೇಚೂರಿನಿಂದ ಫೋನ್ ಮಾಡಿ ಕುಣದಾಡಿದ. "ಮಾಮಾ, ಕಾಮೆಂಟ್ ಮ್ಯಾಲ ಕಾಮೆಂಟ್! ಶಹಾಪುರ, ಸುರಪುರ, ರಂಗಂಪೇಟಿ, ಎಲ್ಲಾ ಕಡಿಂದ ಬರಾಕತ್ತಾವ!"

ಹೆಂಡತಿ ಫೋನ್ ಕಸಗೊಂಡು ಕೇಳಿದಳು, "ಏನಂತ ಬರದಾರ?"

ಹುಡುಗ ಓದಿದ. "ಆಗ್ಯದ್ರಿ, ನೀವು ಮಾಡ್ರಿ." ಇನ್ನೊಂದು, "ಈಗರ ಆತ್ರಿ, ನೀವು ಮಾಡ್ರಿ." ಮತ್ತೊಂದು, "ನಮ್ದು ಆಗ್ಯದ ಅಣ್ಣಾ, ನೀವು ಸಾವಕಾಶ ಮಾಡ್ರಿ."

ತಪ್ಪು ಅವರದಲ್ಲ. ನಮ್ಮ ಕಡಿ ತಾಟಿನ ಮುಂದ ಕುಂತಾಂವ ಬರ್ರಿ ಅನ್ನೂದು ರೀತಿ, ಬಾಗಲದಾಗ ನಿಂತಾಂವ ಹಸದು ಸಾಯಾಕತ್ತಿದ್ರೂ ಆಗ್ಯದ್ರಿ ಅನ್ನೂದು ರೀತಿ. ಇಡೀ ಜಿಲ್ಲಾ ಮರ್ಯಾದಿಲೆ ನಡಕೊಂಡಿತ್ತು. ಒಬ್ಬರೂ ಆರ್ಡರ್ ಕೊಟ್ಟಿದ್ದಿಲ್ಲ.

ತಿಂಥಣಿ ಕಡಿಂದ ಒಬ್ಬ ಹಿರಿಯಾ ಮಾತ್ರ ಮರುದಿನ ಬಾಗಲಕ್ಕೇ ಬಂದ. ಕೈಕಾಲು ತೊಳಕೊಂಡು ಕುಂತು ಹೊಟ್ಟಿತುಂಬ ಉಂಡು, ಎದ್ದು ಹೋಗೂವಾಗ ಹೆಂಡತಿಗೆ ಹೇಳಿದ: "ಭಾಳ ಛಲೋ ಅಡಗಿ ತಾಯಿ. ಅಂದಂಗ, ಇವತ್ತು ಏನು ಕಾರ್ಯ ಇಟ್ಟಿದ್ರಿ?"

ಫೋಟೋದ ಹಿಂದ

ದೀಪಾವಳಿ ಹತ್ತರ ಬಂತು. ಇಬ್ಬರು ಹೆಣ್ಮಕ್ಕಳು ಸಂಜಿಗೆ ಹೋಗೂವಾಗ "ನಾಳಿ ಬರೂಣೇನಕ್ಕಾ?" ಅಂತ ಕೇಳಾಕ ಶುರು ಮಾಡಿದ್ರು. ಮೊದಲು ಕೇಳತಿದ್ದಿಲ್ಲ. ಹೆಂಡತಿ ಬರ್ರಿ ಅಂತಿದ್ದಳು, ಆದ್ರ ಅವರ ಮುಖ ನೋಡತಿದ್ದಿಲ್ಲ.

ಅದರಾಗೇ ಯಾದಗಿರಿ ಅಕ್ಕನ ಮೆಸೇಜ್: "ಕಾಯಂ ಗಿರಾಕಿ ನೀವು. ನಮ್ಮ ರೊಟ್ಟಿ ಉಣ್ಣೂ ಫೋಟೋ ಒಂದು ಕಳಸ್ರಿ." ಕಲಿಯಾಕ ನಿಂತಮ್ಯಾಲ ಪೂರ್ತಿ ಕಲೀಬೇಕಲ್ಲ? ಹೆಂಡತಿ ತವರಮನಿಗೆ ಹೋದ ದಿನ ಮನ್ಯಾಗೇ ಕುಂತು, ನಕ್ಕೋತ ಒಂದು ಫೋಟೋ ಹೊಡಕೊಂಡು ಕಳಿಸಿದೆ.

ಎರಡು ದಿನಕ್ಕ ಯಾದಗಿರಿ ಅಕ್ಕ ತಾನೇ ನನ್ನ ಅಂಗಡಿ ಮುಂದ ಬಂದು ನಿಂತಳು. ಕೈಯಾಗ ಫೋನು, ಫೋನಿನ್ಯಾಗ ನಾನು.

"ಅಣ್ಣಾರ, ನಿಮ್ಮ ಹಿಂದ ನಿಮ್ಮಷ್ಟೇ ಎತ್ತರ ರೊಟ್ಟಿ ಒಟ್ಟೀರಲ್ಲ, ಅವು ಯಾರ್ವು?"

"ಬಾಜೂ ಮನಿಯವ್ರ್ವು," ಅಂದೆ.

"ಬಾಜೂ ಮನಿಯವ್ರ ರೊಟ್ಟಿ ನಿಮ್ಮ ಮನಿ ದೇವರ ಜಗಲಿ ಮುಂದ ಯಾಕ ಅವ್ರಿ?"

ಮುಗೀತು ನೋಡ್ರಿ. ಮನಿಗೆ ಕರಕೊಂಡು ಹೋದೆ. ಫೋಟೋ ನೋಡಿ ಹೆಂಡತಿ ನನ್ನ ಕಡಿ ತಿರುಗಿದಳು. ಆ ನೋಟ ಬರದು ತೋರಸಾಕ ಆಗೂದಿಲ್ಲ.

ಯಾದಗಿರಿ ಅಕ್ಕ ನಕ್ಕೋತ ಅಂದಳು, "ಬೈಬ್ಯಾಡ ತಂಗಿ. ಇವರು ನನ್ನ ಕಡಿ ಕದಿಯಾಕ ಬಂದಾರಂತ ಮೊದಲನೇ ವಾರದಾಗೇ ಗೊತ್ತಾಗಿತ್ತು. ಯಾವ ಗಿರಾಕೀನೂ ಮೆಸೇಜ್ ಎಷ್ಟು ಹೊತ್ತಿಗೆ ಹಾಕ್ತೀರಿ ಅಂತ ಕೇಳೂದಿಲ್ಲ. ಅದು ಹೋಗಲಿ. ಹಬ್ಬಕ್ಕ ನನಗ ಕೈ ಸಾಲವಲ್ವು. ಇಷ್ಟು ತೆಳ್ಳಗ ಬಡಿಯಾವ್ರು ನನಗ ಬೇಕು. ನೀ ಬಡದು ಕೊಡು, ನಾ ಮಾರ್ತೀನಿ. ಹಬ್ಬ ಆದಮ್ಯಾಲೂ."

ಹೆಂಡತಿ ಒಳಗಿದ್ದ ಇಬ್ಬರಿಗೂ ಕೂಗಿ ಹೇಳಿದಳು, "ನಾಳಿ ಲಗೂನ ಬರ್ರೇ!" ಯಾರನ್ನ ನಾ ವೈರಿ ಅಂದುಕೊಂಡಿದ್ದೆ, ಆಕೀನೇ ನಮ್ಮ ಒಲಿ ಉಳಿಸಿದಳು. ಎಂಥಾ ಹೆಣ್ಮಗಳ್ರಿ ಆಕಿ! ಕೈ ಮುಗಿಯೂಣು ಅನಿಸ್ತು.

ಕೈಗುಣ

ಹಬ್ಬದ ಮುಂದ ಫೋನ್ ಮತ್ತ ಟಿಣ್ ಅಂತು. "ಈ ಸಲದ ರೊಟ್ಟಿ ಭಾಳ ಛಲೋ ಬಂದಾವ್ರಿ. ಹಳೇ ಗಿರಾಕಿಗೇ ಮೊದಲು ಹೇಳಾಕತ್ತೀನಿ." ಏನು ಮಾಡ್ಲಿ, ರೂಢಿ. ಬೆರಳು ತಾನೇ ಹೋಗಿ ಒತ್ತಿಬಿಡ್ತು.

ಈಗ ಮುಚ್ಚಿಡೂದು ಏನಿತ್ತು? ಪಾಕೀಟು ಮನಿಗೇ ತರಿಸಿದೆ. ಮೂವರ ಮುಂದೂ ಬಿಚ್ಚಿದೆ. ಒಂದು ರೊಟ್ಟಿ ಮುರದೆ, ಕಟ್ ಅಂತು. ಬಾಯಾಗ ಇಟ್ಟೆ, ಕರಗಿಹೋತು.

"ಸಿಟ್ಟಾಗಬ್ಯಾಡ್ರಿ," ಅಂದೆ, "ಖರೇ ಮಾತು ಹೇಳ್ತೀನಿ. ನೀವೂ ಬಡೀತೀರಿ, ಇಲ್ಲಂದಿಲ್ಲ. ಆದ್ರ ಯಾದಗಿರಿ ಅಕ್ಕನ ಕೈಗುಣಾನೇ ಬ್ಯಾರೆ. ಇದಕ್ಕ ರೊಟ್ಟಿ ಅಂತಾರ. ಇದನ್ನ ನೋಡಿ ಕಲೀರಿ."

ಇಬ್ಬರು ಹೆಣ್ಮಕ್ಕಳೂ ಬಾಯಿಗೆ ಸೆರಗು ಒತ್ತಿಕೊಂಡು ಆ ಕಡಿ ತಿರುಗಿದ್ರು. ಹೆಂಡತಿ ಸಿಟ್ಟಾಗಲಿಲ್ಲ. ಪಾಕೀಟು ತಗೊಂಡು ಅದರ ದಾರದ ಗಂಟು ತೋರಿಸಿದಳು.

"ಇದು ಮೊನ್ನಿ ನಾನೇ ಕಟ್ಟಿ ಯಾದಗಿರಿಗೆ ಕಳಿಸಿದ ಪಾಕೀಟ್ರಿ," ಅಂದಳು. "ಇಷ್ಟು ವರ್ಷ ಸಂಸಾರ ಮಾಡೀನಿ. ನನ್ನ ರೊಟ್ಟಿ ಛಲೋ ಅವ ಅಂತ ನಿಮ್ಮ ಬಾಯಿಂದ ಬರಬೇಕಂದ್ರ, ಅವು ಯಾದಗಿರಿಗೆ ಹೋಗಿ ಬರಬೇಕಾಯ್ತು ನೋಡ್ರಿ."