ಮಗಳ ಎದೆಗೆ ಕಿವಿಯಿಟ್ಟು

ಹೆದರುವುದೇನೂ ಸುಲಭದ ಕೆಲಸವಲ್ಲ. ಅದಕ್ಕೆ ಬಿಡುವು ಬೇಕು, ಕಲ್ಪನೆ ಬೇಕು, ಮೇಲಾಗಿ ಮನೆಯಲ್ಲೊಂದು ಕೂಸು ಬೇಕು. ಶಹಾಪುರದಲ್ಲಿ ಹೈಸ್ಕೂಲು ಮಾಸ್ತರನಾದ ನನಗೆ ಮೊದಲೆರಡು ಹೇಗೂ ಇದ್ದವು. ತಡವಾಗಿ ಹುಟ್ಟಿದ ಮಗಳು ಭಾಗ್ಯ ಮೂರನೆಯದನ್ನೂ ಒದಗಿಸಿದಳು. ಇನ್ನೂ ಎರಡು ತುಂಬದ ಆಕೆ ಒಮ್ಮೆ ಸೀನಿದರೆ ನಾನು ಊಟ ಬಿಟ್ಟೇಳುತ್ತೇನೆ. ನನ್ನ ಹೆಂಡತಿ ಮಹಾದೇವಿ ನೆಮ್ಮದಿಯಿಂದ ಉಣ್ಣುತ್ತಾಳೆ.

ಕಾಲುವೆ ನೀರು ಬಂದ ಮೇಲೆ ನಮ್ಮ ಓಣಿಯ ಹಿತ್ತಲವರೆಗೂ ಭತ್ತ ಬಂದಿದೆ. ರಾಶಿ ಮಾಡುವ ಮೆಷಿನ್ ಶುರುವಾಯಿತೆಂದರೆ ಧೂಳು ಅಡುಗೆಮನೆಗೂ ನುಗ್ಗುತ್ತದೆ, ಓಣಿಗೆ ಓಣಿಯೇ ಕೆಮ್ಮುತ್ತದೆ. ಅದಕ್ಕೇ ನಮ್ಮಲ್ಲೊಂದು ಪದ್ಧತಿ. ಯಾರ ಮನೆಯ ಮಗುವಿಗೆ ತಂದ ಆಂಟಿಬಯಾಟಿಕ್ ಸಿರಪ್ ಉಳಿದರೂ ಚೆಲ್ಲುವುದಿಲ್ಲ. ಪಕ್ಕದ ಮನೆ ನೀಲಮ್ಮನ ಫ್ರಿಜ್ಜಿಗೆ ಸೇರಿಸುತ್ತೇವೆ. ಹೆಪ್ಪಿಗೆ ಮಜ್ಜಿಗೆ ಕೇಳಿದಷ್ಟೇ ಸಲೀಸಾಗಿ ಬೇಕಾದವರು ಬಂದು ಬಗ್ಗಿಸಿಕೊಂಡು ಹೋಗುತ್ತಾರೆ. ಈ ಸಲ ಭಾಗ್ಯಳ ಮೂಗು ಸೋರಿದಾಗ ನೀಲಮ್ಮ ಕರೆಯದೆಯೇ ಗುಲಾಬಿ ಬಣ್ಣದ ಬಾಟಲಿ ಹಿಡಿದು ಬಂದಳು.

ನನ್ನ ಗ್ರಹಚಾರಕ್ಕೆ ಅದೇ ಮಧ್ಯಾಹ್ನ ಸ್ಟಾಫ್‌ರೂಮಿನಲ್ಲಿ ಫೋನು ನೋಡಿದ್ದೆ. ಎಳವೆಯಲ್ಲಿ ಪದೇಪದೇ ಆಂಟಿಬಯಾಟಿಕ್ ಕೊಟ್ಟ ಮಕ್ಕಳಿಗೆ ಮುಂದೆ ಅಲರ್ಜಿ, ಅಸ್ತಮಾ ಬರುವ ಸಂಭವ ಹೆಚ್ಚಿರಬಹುದಂತೆ. ಹೊಟ್ಟೆಯೊಳಗಿನ ಒಳ್ಳೆಯ ಕ್ರಿಮಿಗಳೂ ಸಾಯುತ್ತವಂತೆ. ‘ಇರಬಹುದು’ ಎಂಬ ಮಾತು ನನ್ನ ಕಣ್ಣಿಗೆ ಬೀಳಲೇ ಇಲ್ಲ. ಬಾಟಲಿಯನ್ನು ಬಾಗಿಲಲ್ಲೇ ತಡೆದೆ. ನೀಲಮ್ಮ ಮುಖ ಊದಿಸಿಕೊಂಡು ಹೋದಳು. ನೆಗಡಿ ತಾನಾಗಿ ಇಳಿಯಿತು, ನಾನು ಬೀಗಿದೆ.

ಆದರೆ ವಾರ ಕಳೆಯುವುದರೊಳಗೆ ಕೂಸಿಗೆ ಜ್ವರ ಏರಿ ಕಿವಿ ಸೋರತೊಡಗಿತು. ಡಾಕ್ಟರ್ ನೋಡಿ ಅದೇ ಜಾತಿಯ ಔಷಧಿ ಬರೆದರು. ಕೊಟ್ಟರೆ ಅಸ್ತಮಾ, ಬಿಟ್ಟರೆ ಕಿವುಡು ಎಂದು ಎರಡೂ ಕಡೆಯಿಂದ ಹೆದರಿ, ನೆಗಡಿಗೆ ಕೊಡದೆ ತಡೆದದ್ದನ್ನೂ ಹೇಳಿ, ಬೇರೆ ಏನಾದರೂ ಇಲ್ಲವೇ ಎಂದು ಗೋಗರೆದೆ.

“ಮಾಸ್ತರ್, ನೆಗಡಿಗೆ ಕೊಡಲಿಲ್ಲ, ಚಲೋ ಮಾಡಿದ್ರಿ. ಈಗ ಕೊಡಲಿಲ್ಲ ಅಂದ್ರ ನಿಮ್ಮನ್ನ ಬೈತೀನ್ರಿ” ಎಂದರು. ಪೂರ್ತಿ ಕೊಡಿ, ಉಳಿಸಿ ನೀಲಮ್ಮನ ಫ್ರಿಜ್ಜಿಗೆ ಕಳಿಸಬೇಡಿ ಎಂದೂ ಸೇರಿಸಿದರು. ಆ ಫ್ರಿಜ್ಜಿನ ಖ್ಯಾತಿ ದವಾಖಾನೆಗೂ ತಲುಪಿತ್ತು.

ಕಿವಿ ವಾಸಿಯಾಯಿತು. ನನಗೆ ಮಾತ್ರ ಹೊಸ ಚಟ ಅಂಟಿತು. ಹೊತ್ತುಗೊತ್ತಿಲ್ಲದೆ ಮಗಳ ಎದೆಗೆ ಕಿವಿಯಿಟ್ಟು ಕೇಳುವುದು. ಒಂದು ಸಂಜೆ, ಹಿತ್ತಲಲ್ಲಿ ಮೆಷಿನ್ ಆಗಷ್ಟೇ ನಿಂತಿತ್ತು, ಸ್ಪಷ್ಟವಾಗಿ ಕೇಳಿಸಿತು: ಸುಂಯ್, ಸುಂಯ್. ನಗುತ್ತಿದ್ದ ಕೂಸನ್ನು ಎತ್ತಿಕೊಂಡು ದವಾಖಾನೆಗೆ ಓಡಿದೆ. ಹಿಂದೆ ಮಹಾದೇವಿ, ಆಕೆಯ ಹಿಂದೆ ನಮ್ಮವ್ವ.

ಡಾಕ್ಟರ್ ಭಾಗ್ಯಳ ಎದೆ, ಬೆನ್ನು ಎಲ್ಲ ಪರೀಕ್ಷಿಸಿ, ಏನೂ ಇಲ್ಲವೆಂದರು. ನಾನು ಏದುಸಿರು ಬಿಡುತ್ತಲೇ ವಾದಿಸಿದೆ. ಅವರು ತಣ್ಣಗೆ ಸ್ಟೆತಾಸ್ಕೋಪನ್ನು ನನ್ನ ಬೆನ್ನಿಗಿಟ್ಟರು.

“ಸುಂಯ್ ಅನ್ನೋದು ಇಲ್ಲೈತ್ರಿ. ಕೂಸಿನ ಎದಿಗೆ ಕಿವಿ ಇಟ್ಟು ನಿಮ್ಮ ಉಸಿರು ನೀವೇ ಕೇಳೀರಿ.”

ಮಹಾದೇವಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. ನನಗೆ ನಗು ಬರಲಿಲ್ಲ. ಆದರೆ ಆ ಸದ್ದು ಮಗಳದ್ದಲ್ಲ ಎಂದು ತಿಳಿದು ಕಣ್ಣು ತುಂಬಿದ್ದು ನಿಜ. ಭತ್ತದ ಧೂಳು ನನಗೆ ಆಗುವುದಿಲ್ಲ, ಇದು ಅಸ್ತಮಾ ಎಂದು ಡಾಕ್ಟರ್ ಬಾಯಿಗಿಟ್ಟು ಉಸಿರಿನೊಡನೆ ಎಳೆದುಕೊಳ್ಳುವ ಪಂಪ್ ಬರೆದುಕೊಟ್ಟರು, ಅಲ್ಲೇ ಕೊಂಡೆ. ನನ್ನ ಎಳವೆಯ ಔಷಧಿಗಳೇ ಇದಕ್ಕೆ ಕಾರಣವೇ ಎಂದು ಕೇಳಿದೆ. ಅದನ್ನು ಹಾಗೆ ಹೇಳಲು ಬರುವುದಿಲ್ಲ ಎಂದರು. ಮನಸ್ಸು ತಡೆಯದೆ ದಾರಿಯಲ್ಲಿ ಅವ್ವನನ್ನು ವಿಚಾರಿಸಿದೆ. ಆಕೆಯ ಮುಖ ಹೆಮ್ಮೆಯಿಂದ ಅರಳಿತು.

“ನಿನಗೇನ್ ಕಡಿಮಿ ಮಾಡೀನೇನಪಾ? ಸೀನಿದಿ ಅಂದ್ರ ಸಾಕು, ಬಗಲಾಗ ಹೊತಗೊಂಡು ಓಡತಿದ್ದೆ. ಸೂಜಿ ಮಾಡಸದs ಮನಿಗೆ ಕರಕೊಂಡು ಬಂದವಳಲ್ಲ.”

ಫೋನಿನಲ್ಲಿ ಓದಿದ್ದೆಲ್ಲ ನಾಲಿಗೆಯ ತುದಿಗೆ ಬಂತು. ನನ್ನ ಬಗಲಲ್ಲಿ ಭಾಗ್ಯ ನಿದ್ದೆ ಹೋಗಿದ್ದಳು. “ಹೌದವ್ವಾ, ಅದಕ್ಕs ಇಷ್ಟು ಗಟ್ಟಿ ಅದೀನಿ” ಎಂದು, ಅವ್ವ ನಾಲ್ಕು ಹೆಜ್ಜೆ ಮುಂದೆ ಹೋಗುವವರೆಗೆ ಕಾದು, ಪಂಪನ್ನು ಬಾಯಿಗಿಟ್ಟು ಎಳೆದೆ.