ಟಪ್ ಅನ್ನಬೇಕಾದ ಹಪ್ಪಳ

ಮಳೆ ಶುರುವಾದರೆ ಸಾಕು, ನನ್ನ ಕೆಲಸದಲ್ಲಿ ಇಂಥವು ಒಂದರ ಹಿಂದೊಂದು ನಡೆಯುತ್ತಲೇ ಇರುತ್ತವೆ. ಕೋಣೆಯ ಗಾಳಿಯಲ್ಲಿರುವ ತೇವ ಹೀರಿ, ಕೆಳಗಿನ ಡಬ್ಬಿಗೆ ನೀರಾಗಿ ಇಳಿಸುವ ಮಷೀನುಗಳನ್ನು ಪುಣೆ ಪಕ್ಕದ ಪಿಂಪ್ರಿ-ಚಿಂಚವಾಡದ ನಮ್ಮ ಸಣ್ಣ ಕಾರ್ಖಾನೆಯಲ್ಲಿ ಮಾಡುತ್ತೇವೆ. ಈ ಸಲ ಕರೆಂಟ್ ಕಡಿಮೆ ತಿನ್ನುವ ಹೊಸ ಮಾದರಿ ಬಂದಿತ್ತು. ಮೊದಲನೆಯದನ್ನು ನಾನೇ ಮಾರಿ ತೋರಿಸುತ್ತೇನೆಂದು ಮ್ಯಾನೇಜರ್ ಎದುರು ಎದೆ ತಟ್ಟಿಕೊಂಡು ಹೊರಟಿದ್ದೆ. ಅಷ್ಟು ಹುರುಪು ನನ್ನ ಮದುವೆಯಲ್ಲೂ ಇರಲಿಲ್ಲ.

ಸಿಕ್ಕವರು ಪುಣೆಯಲ್ಲೇ ಹೋಟೆಲ್ ನಡೆಸುವ ಉಡುಪಿ ಕಡೆಯ ಮಾಲೀಕರು. ಮಳೆಗಾಲದಲ್ಲಿ ಅವರ ಉಗ್ರಾಣದ ಹಪ್ಪಳವೆಲ್ಲ ಮೆತ್ತಗಾಗುತ್ತಿತ್ತು.

"ಭಾನುವಾರ ಬಂದು ನೀವೇ ಒಂದು ಹಪ್ಪಳ ಮುರೀರಿ. ಟಪ್ ಅಂದ್ರೆ ಮಷೀನ್ ನನ್ನದು. ಬಾಗಿದ್ರೆ ನಿಮ್ಮದು, ಹೊತ್ಕೊಂಡು ಹೋಗಿ" ಎಂದರು. ಒಪ್ಪಿ, ಅಂದೇ ಮಷೀನನ್ನು ಅವರ ಉಗ್ರಾಣದಲ್ಲಿ ಇಟ್ಟು ಬಂದೆ.

ನೀರಿನ ಸೇವೆ

ಮರುದಿನವೇ ಫೋನು. ಮಷೀನು ನಿಂತಿದೆ, ಕೆಂಪು ದೀಪ ಹತ್ತಿದೆ. ಓಡಿಹೋಗಿ ನೋಡಿದರೆ ಡಬ್ಬಿ ತುಂಬಿ ತುಳುಕುತ್ತಿದೆ. ಒಂದೇ ದಿನಕ್ಕೆ ಇಷ್ಟು ನೀರು ಹೀರಿತೇ ಎಂದು ನಾನು ಹಿಗ್ಗುವಷ್ಟರಲ್ಲಿ ಅಡುಗೆ ಭಟ್ಟರು ಕೊಡ ಹಿಡಿದು ಬಂದರು.

"ಭಟ್ರ, ಇದಕ್ಕ ನೀರ್ ಯಾಕ್ ಹಾಕ್ತೀರಿ?"

"ಬೇಸಿಗೆಯಲ್ಲಿ ಕೂಲರಿಗೆ ನಾನೇ ಅಲ್ವಾ ಹಾಕುದು? ಆದ್ರೆ ಇದು ಭಾರೀ ಒಳ್ಳೆ ಮಷೀನ್ ಮಾರಾಯ್ರೆ. ಹಾಕಿದ ನೀರು ಕಮ್ಮಿಯೇ ಆಗುದಿಲ್ಲ."

ಕಿಟಕಿ

ಎರಡನೇ ಸಲ ಹೋದಾಗ ಉಗ್ರಾಣದ ಕಿಟಕಿಗಳೆಲ್ಲ ತೆರೆದಿದ್ದವು. ತೇವ ಹೊರಗೆ ಹೋಗಲು ದಾರಿ ಬೇಡವೇ ಎಂಬುದು ಮಾಲೀಕರ ವಾದ.

"ಸಾವ್ಕಾರ್ರ, ಹಿಂಗಾದ್ರ ಇದು ಇಡೀ ಪುಣೆ ಒಣಗಸ್ಬೇಕಾಗ್ತದ್ರಿ."

"ಒಣಗಿಸ್ಲಿ. ಎದುರಿನ ಕೆಸರು ಕಮ್ಮಿ ಆದ್ರೆ ಗಿರಾಕಿಗಳಾದ್ರೂ ಬರ್ತಾರೆ."

ನಾನೇ ಕಿಟಕಿ ಮುಚ್ಚಿ ಬಂದೆ.

ಕೈಕಟ್ಟಿ ನಿಂತವನು

ಈಗ ಕೋಣೆ ಚೆನ್ನಾಗಿ ಒಣಗಿತು. ಗಾಳಿ ಒಣಗಿದ ಮೇಲೆ ತಾನೇ ನಿಲ್ಲುವುದು, ತೇವ ಹೆಚ್ಚಿದಾಗ ತಾನೇ ಓಡುವುದು ಹೊಸ ಮಾದರಿಯ ಜಾಣತನ. ನಾನು ಖುಷಿಯಿಂದ ಕುಣಿಯುವುದೊಂದು ಬಾಕಿ. ಮಾಲೀಕರ ಮುಖ ಮಾತ್ರ ಗಂಟಿಕ್ಕಿತ್ತು.

"ಎಂತ ಇದು, ಸುಮ್ಮನೆ ನಿಂತುಂಟು?"

"ಕರೆಂಟ್ ಉಳಸ್ಲಿಕ್ಕತ್ತದ್ರಿ."

"ಉಳಿಸ್ಲಿ. ಆದ್ರೆ ನನ್ನ ಹೋಟ್ಲಲ್ಲಿ ಕೈಕಟ್ಟಿ ನಿಲ್ಲುವವರು ಯಾರೂ ಇಲ್ಲ" ಎಂದವರೇ ಒಳಗಿನಿಂದ ಎರಡು ಒದ್ದೆ ಟವೆಲ್ ತಂದು ಅದರ ಮುಂದೆ ನೇತುಹಾಕಿದರು. ಮಷೀನು ಗುರ್ ಎಂದು ಶುರುವಾಯಿತು.

"ನೋಡಿದ್ರಾ? ಕೆಲಸ ಕೊಟ್ರೆ ಮಾಡ್ತದೆ."

ಭಾನುವಾರ

ಭಟ್ಟರು ಒಂದು ಹಪ್ಪಳ ತಂದು ನನ್ನ ಕೈಗಿಟ್ಟರು. ಎರಡೂ ಕೈಯಲ್ಲಿ ಹಿಡಿದು ಮುರಿದೆ. ಸದ್ದೇ ಇಲ್ಲ. ಚಪಾತಿಯ ಹಾಗೆ ಮಡಚಿಕೊಂಡಿತು. ಮ್ಯಾನೇಜರ್ ಮುಖ ಕಣ್ಣ ಮುಂದೆ ಬಂತು.

ನಂಬಲಾಗದೆ ಉಗ್ರಾಣದ ಬಾಗಿಲು ತೆರೆದೆ. ಗೋಡೆಯಿಂದ ಗೋಡೆಗೆ ಹಗ್ಗ. ಹಗ್ಗದ ತುಂಬ ಸಪ್ಲೈಯರ್‌ಗಳ ಅಂಗಿ, ಚಡ್ಡಿ, ಬನಿಯನ್. ನಡುವೆ ಮಷೀನು ಉಸಿರು ಬಿಡದೆ ಓಡುತ್ತಿದೆ. ಹಪ್ಪಳ ಒಂದೂ ಇಲ್ಲ.

"ಹಪ್ಪಳ ಎಲ್ಲಿ ಅದಾವ್ರಿ?"

"ಅಡುಗೆಮನೆಯಲ್ಲಿ. ಬಟ್ಟೆಗೆ ಜಾಗ ಬೇಡ್ವಾ? ಈ ಮಳೆಯಲ್ಲೂ ಎಷ್ಟು ಚಂದ ಒಣಗ್ತದೆ ಗೊತ್ತುಂಟಾ?"

ಸಿಟ್ಟೂ ದುಃಖವೂ ಒಟ್ಟಿಗೇ ಬಂತು. "ಹಪ್ಪಳ ಬಾಗ್ತಲ್ರಿ. ಮಾತಿನ ಪ್ರಕಾರ ಮಷೀನ್ ಒಯ್ತೀನ್ರಿ" ಎಂದು ಪ್ಲಗ್‌ಗೆ ಕೈ ಹಾಕಿದೆ.

ಮಾಲೀಕರು ಓಡಿಬಂದು ಬಾಗಿಲಿಗೆ ಅಡ್ಡ ನಿಂತರು.

"ಇದನ್ನು ಮುಟ್ಬೇಡಿ ಮಾರಾಯ್ರೆ. ಇದು ಬಟ್ಟೆ ಮಷೀನ್. ಹಪ್ಪಳಕ್ಕೆ ಇನ್ನೊಂದು ತನ್ನಿ."